ಬೇಲೂರಿನಲ್ಲಿ ಇಳಿದವರು

ಮೊದಲು ಹೋಗಿದ್ದು ಒತ್ತಕ್ಷರ.
ಅಕ್ಕ ಅಕ ಆಯಿತು, ಬೆಕ್ಕು ಬೆಕು.
ಹಾಲುಹಲ್ಲು ಬಿದ್ದ ಸಂದಿನಲ್ಲಿ ಜಾರುತ್ತಿರಬೇಕು,
ಹೊಸ ಹಲ್ಲು ಬಂದಮೇಲೆ ಸರಿಹೋಗುತ್ತೆ ಅಂದುಕೊಂಡೆ.
ಹಲ್ಲು ಬಂತು.

ಧನ್ಯ ಅಂತ ಹೆಸರು. ಯಾರಾದರೂ ಕೇಳಿದರೆ
ಧನ ಅನ್ನುತ್ತಿದ್ದಳು.
ಬೀದಿಯ ಹುಡುಗರು ಅದನ್ನೂ ಬಿಡಲಿಲ್ಲ,
ದನ ಮಾಡಿಕೊಂಡರು.

ಒಂದನೇ ಕ್ಲಾಸಿನಲ್ಲಿ ನೂರರ ತನಕ ಎಣಿಸಿ
ಮಿಸ್ ಹತ್ತಿರ ಕೈಮೇಲೆ ಸ್ಟಾರ್ ಹಾಕಿಸಿಕೊಂಡವಳು
ಎರಡನೇ ಕ್ಲಾಸಿನ ದಸರಾ ರಜೆಗೆ
ಮೂವತ್ತೊಂಬತ್ತರಲ್ಲಿ ನಿಂತು
ನನ್ನ ಮುಖ ನೋಡುತ್ತಿದ್ದಳು,
ಮುಂದಿನ ಮೆಟ್ಟಿಲನ್ನು ಯಾರೋ
ಕಿತ್ತುಕೊಂಡು ಹೋದ ಹಾಗೆ.

ಆಮೇಲೆ ಫಿಟ್ಸ್.
ತಟ್ಟೆಯ ಮುಂದೆ, ತುತ್ತು ಕೈಯಲ್ಲಿರುವಾಗಲೇ,
ಇದ್ದವಳು ಇಲ್ಲದೆ ಹೋಗುವುದು.
ಅತ್ತೆ ಬೀಗದಕೈ ಹಿಡಿಸಿದರು, ಹಣೆಬರಹ ಅಂದರು.
ಕ್ಯೂರಿಂಗಿನಲ್ಲಿ ನನ್ನೆದುರು ಕೂತು ಕಾಳು ಆರಿಸುವ
ಉಪ್ಪಳ್ಳಿಯ ನೂರ್‌ಜಹಾನಕ್ಕ
ದರ್ಗಾದಿಂದ ದಾರ ತಂದು ಕಟ್ಟಿದಳು.
ಅದು ಈಗಲೂ ಇದೆ, ಬಣ್ಣ ಹೋಗಿ.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನು.
ಡಾಕ್ಟ್ರು ಚಿಕ್ಕ ಪ್ರಾಯದವರು, ಪೆನ್ನಿನ ತುದಿ ಪರದೆಗಿಟ್ಟು ತೋರಿಸಿದರು:
ಇದು ಮೆದುಳಿನ ಹೊರಪದರ. ಅದರೊಳಗೆ
ಇನ್ನೊಂದಿದೆ ನೋಡಿ, ಇರಬಾರದ್ದು.
ಮಗು ಹೊಟ್ಟೆಯಲ್ಲಿದ್ದಾಗ, ಮೂರು ನಾಲ್ಕನೇ ತಿಂಗಳಿಗೆ,
ಜೀವಕೋಶಗಳು ಒಳಗಿಂದ ಹೊರಕ್ಕೆ ನಡೆದು ಹೋಗಬೇಕು.
ಕೆಲವು ಹೋದವು.
ಕೆಲವು ಅರ್ಧ ದಾರಿಯಲ್ಲೇ ನಿಂತವು.

ಚಿಕ್ಕಮಗಳೂರಿಂದ ಹಾಸನಕ್ಕೆ ಹೊರಟವರು
ಬೇಲೂರಿನಲ್ಲಿ ಇಳಿದುಬಿಟ್ಟ ಹಾಗಾ?
ಅವರು ಪೆನ್ನು ಕೆಳಗಿಟ್ಟರು.
ಹೂಂ. ಹಾಗೇ.
ವಾಪಸ್ ಹತ್ತಿಸೋಕೆ ಆಗಲ್ವಾ?
ಆ ಬಸ್ಸು ಹೋಗಿ ಎಂಟು ವರ್ಷ ಆಯ್ತಮ್ಮ.

ಬಹಳ ಅಪರೂಪ, ಅಂದರು.
ಅಪರೂಪ ಅನ್ನುವ ಮಾತನ್ನು ನಾನು ಬಳಸಿದ್ದು
ನೆಂಟರಿಗೆ,
ಮತ್ತೆ ಎರಡು ಹೋಳಾಗದೆ ದುಂಡಗೆ ಬೆಳೆದ ಒಂಟಿ ಕಾಳಿಗೆ.
ಅದಕ್ಕೆ ಬೇರೆ ಚೀಲ, ಹೆಚ್ಚಿನ ರೇಟು.

ನಾಲ್ಕನೇ ತಿಂಗಳಲ್ಲಿ ನಾನೇನು ಮಾಡುತ್ತಿದ್ದೆ?
ಕಾಳು ಆರಿಸುತ್ತಿದ್ದೆ. ಕಪ್ಪು, ಒಡಕು, ಹುಳ ಕೊರೆದದ್ದು ಎಡಕ್ಕೆ.
ಹುಣಸೆಹಣ್ಣು ಚೀಪಿದೆ. ಗಂಡನ ಜೊತೆ ಜಗಳ,
ಯಾಕೆ ಅಂತ ನೆನಪಿಲ್ಲ, ಗ್ಯಾಸಿನ ವಿಷಯಕ್ಕಿರಬೇಕು.
ನೀವೇನೂ ಮಾಡಿಲ್ಲ, ಅಂದರು ಡಾಕ್ಟ್ರು. ಎರಡು ಸಲ ಅಂದರು.
ಮಾಡಿದ್ದರೆ ಚೆನ್ನಾಗಿತ್ತು.
ಮಾಡಿದ್ದಕ್ಕೆ ತಪ್ಪುಕಾಣಿಕೆ ಕಟ್ಟಬಹುದು.
ಮಾಡದೇ ಇದ್ದದ್ದಕ್ಕೆ
ಯಾವ ದೇವರ ಹುಂಡಿ?

ವಾಪಸ್ ಬರುವಾಗ, ಹಗರೆ ದಾಟಿ,
ಬೇಲೂರಿನಲ್ಲಿ ಹತ್ತು ನಿಮಿಷ. ಡ್ರೈವರ್ ಟೀಗೆ ಇಳಿದ.
ನಮ್ಮಿಬ್ಬರ ಶೂನ್ಯ ಟಿಕೆಟ್ಟು ನನ್ನ ಮುಷ್ಟಿಯಲ್ಲಿ ಬೆವರಿತ್ತು.
ಇಳಿದವರನ್ನೆಲ್ಲ ನೋಡಿದೆ:
ಕೊಡೆ ಮರೆತು ಓಡಿಬಂದ ಮುದುಕ,
ಒಂದೇ ಇಯರ್‌ಫೋನಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು,
ಕೋಳಿಯ ಬುಟ್ಟಿ ಹೊತ್ತ ಹೆಂಗಸು.
ಯಾರ ಮುಖದಲ್ಲೂ ತಪ್ಪು ಊರಿನಲ್ಲಿ ಇಳಿದ ಗುರುತಿಲ್ಲ.
ಅವೇನೂ ಸತ್ತಿಲ್ಲ, ಅಂದಿದ್ದರು ಡಾಕ್ಟ್ರು.
ಇದ್ದಲ್ಲೇ ಬದುಕಿವೆ, ತಮ್ಮತಮ್ಮಲ್ಲೇ
ಜೋರಾಗಿ ಮಾತಾಡಿಕೊಳ್ಳುತ್ತವೆ.
ಆ ಗದ್ದಲವೇ ಫಿಟ್ಸ್.

ಧನ್ಯ ಕಿಟಕಿಯ ಸರಳು ಹಿಡಿದು ಬೋರ್ಡು ನೋಡಿದಳು.
ಹೋದ ವರ್ಷ ಇದೇ ಬೋರ್ಡನ್ನು
ಇಡೀ ಬಸ್ಸಿಗೆ ಕೇಳುವಂತೆ ಓದಿದ್ದಳು.
ಬೇ, ಅಂದಳು.
ಕಾದೆ.
ಕಂಡಕ್ಟರ್ ತಲೆ ಎಣಿಸಿಕೊಂಡು ಹಿಂದಕ್ಕೆ ಹೋದ.
ಅಮ, ಅಂದಳು,
ಬಾಳೆಹಣ್ಣಿನವನ ಕಡೆ ಬೆರಳು ಮಾಡಿ.
ಏನೇ, ಅಂದೆ.
ಒತ್ತಿಲ್ಲದೆ ಕರೆದರೂ ತಿರುಗುತ್ತದೆ ನನ್ನ ಕತ್ತು.

ಹತ್ತು ರೂಪಾಯಿಗೆ ಎರಡು.
ಒಂದನ್ನು ಸುಲಿದು ಕೊಟ್ಟೆ.
ಯಗಚಿಯ ಸೇತುವೆ ಬರುವವರೆಗೂ ಅವಳು ತಿನ್ನುತ್ತಿದ್ದಳು.
ನಾನು ಹಿಂದೆ ತಿರುಗಿ
ಸ್ಟ್ಯಾಂಡಿನಲ್ಲಿ ಉಳಿದವರನ್ನು ಎಣಿಸುತ್ತಿದ್ದೆ.
ಎಣಿಕೆ ತಪ್ಪಿತು.